ಯುದ್ಧ ಶುರುವಾದ ದಿನ ಯಾವುದು?

ಹೋದ ವಾರ ಬೆಳಿಗ್ಗೆ ಆಟೋ ಜವರೇಗೌಡರು ಒಬ್ಬ ಅಮೆರಿಕನ್ ಮುದುಕರನ್ನು ಕೂರಿಸಿಕೊಂಡು ಸೀದಾ ನಮ್ಮ ಮನೆಗೇ ಬಂದುಬಿಟ್ಟರು.

"ಮೇಡಂ, ಇವ್ರು ಗೋರಿ ತಾವ ನಿಂತ್ಕಂಡು ಒಂದೇ ಸಮ್ನೆ ಏನೋ ಕೇಳ್ತಾವ್ರೆ. ನಂಗೆ ತಿಳೀತಿಲ್ಲ. ನೀವು ಇಸ್ಟ್ರಿ ಪಾಠ ಮಾಡ್ದೋರು, ನೀವೇ ಯೋಳಿ."

ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿಕೊಂಡಿರುವ ನಿವೃತ್ತ ಇತಿಹಾಸ ಟೀಚರಿಗೆ ಇಂಥ ಅತಿಥಿಗಳು ಹೊಸಬರಲ್ಲ. (ಸುಲ್ತಾನರ ಕಾಲದ ಜಗಳ ಇವತ್ತೇ ತೀರ್ಮಾನ ಆಗಬೇಕು ಅಂತ ಬರುವವರಿಗಿಂತ ಇವರು ಎಷ್ಟೋ ವಾಸಿ.) ಒಳಗೆ ಕರೆದು ಕೂರಿಸಿದೆ.

ಹೆಸರು ವಾಲ್ಟರ್. ಎಂಬತ್ತು ದಾಟಿದೆ. ಮಗಳ ಜೊತೆ ಮೈಸೂರಿಗೆ ಬಂದಿದ್ದಾರೆ. ಮಗಳು ಅರಮನೆ ನೋಡಲು ಹೋದಳು, ಇವರು ರೈಲು ಹತ್ತಿ ಇಲ್ಲಿಗೆ ಬಂದರು. ಕಾವೇರಿ ದಂಡೆಯ ಹಳೇ ಸೈನಿಕರ ಸ್ಮಶಾನದಲ್ಲಿ ಸ್ವಿಟ್ಜರ್ಲೆಂಡಿನವರೂ ಮಲಗಿದ್ದಾರಲ್ಲ, ಅವರಿಗೂ ಈ ಊರಿಗೂ ಏನು ಸಂಬಂಧ? ಇದು ಇವರ ಪ್ರಶ್ನೆ.

ಸಂಬಳಕ್ಕೆ ಬಂದವರು, ಇಂಗ್ಲಿಷರ ಪರವಾಗಿ ದುಡಿದವರು, ಇಲ್ಲೇ ಸತ್ತವರು ಅಂದೆ.

"ಯುದ್ಧಕ್ಕೆ ಹೋಗುತ್ತಿದ್ದೇವೆ ಅಂತ ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ" ಅಂದರು ವಾಲ್ಟರ್.

ವಿಯೆಟ್ನಾಂ ಅಂದರು. ನಾನು ನೆಟ್ಟಗೆ ಕೂತೆ. ಪಾಂಡವಪುರದ ಸ್ಕೂಲಿನಲ್ಲಿ ವರ್ಷಗಟ್ಟಲೆ ಮಾಡಿದ ಪಾಠ ಅದು. ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಇಳಿಯಲು ಕಾರಣಗಳೇನು? ಒಂದು, ಕಮ್ಯುನಿಸಂ ಹರಡುವ ಭಯ. ಒಂದು ದೇಶ ಕೆಂಪಾದರೆ ಪಕ್ಕದ್ದೂ ಕೆಂಪಾಗುತ್ತದೆ, ಅದರ ಪಕ್ಕದ್ದೂ. ಸಾಲಾಗಿ ನಿಲ್ಲಿಸಿದ ಇಟ್ಟಿಗೆ ಬಿದ್ದ ಹಾಗೆ. ಎರಡು, ಮೂರು ಅಂತ ಪಾಯಿಂಟು ಹಾಕಿ ಬರೆಸುತ್ತಿದ್ದೆ. ಕೆಳಗೆ ಗೆರೆ ಎಳೆದರೆ ಇನ್ನೂ ಚೆಂದ.

ವಾಲ್ಟರ್ ಹೇಳಿದ್ದರಲ್ಲಿ ಪಾಯಿಂಟುಗಳೇ ಇರಲಿಲ್ಲ.

ಅವರಿಗೆ ಆಗ ಇಪ್ಪತ್ತೊಂದು. ರೇಡಿಯೋ ರಿಪೇರಿ ಬರುತ್ತಿತ್ತು. ಅಷ್ಟರಲ್ಲಿ ವಿಯೆಟ್ನಾಂ ಆಳುತ್ತಿದ್ದ ಫ್ರೆಂಚರು ಆ ದೇಶ ಬಿಟ್ಟು ಹೋಗಿಯಾಗಿತ್ತು. ಅವರು ಇರುವಾಗ ಅಮೆರಿಕ ಬರೀ ದುಡ್ಡು ಕೊಡುತ್ತಿತ್ತು. ಹೋದ ಮೇಲೆ ದೇಶ ಎರಡು ಹೋಳಾಯಿತು, ಕೆಂಪಾದ ಉತ್ತರದ ವಿರುದ್ಧ ದಕ್ಷಿಣದವರಿಗೆ ಅಮೆರಿಕ ಬಂದೂಕು ಕೊಟ್ಟಿತು. ಬಂದೂಕು ಕೊಟ್ಟ ಮೇಲೆ ಹಿಡಿಯುವುದನ್ನು ಕಲಿಸುವವರು ಬೇಡವೇ? ಹಾಗೆ ಹೋದವರು ಇವರು. ಕಾಗದದಲ್ಲಿ ಹುದ್ದೆ, ಸಲಹೆಗಾರ. ನೀವು ಗುಂಡು ಹಾರಿಸುವಂತಿಲ್ಲ, ಪಾಠ ಮಾಡಿ ಬನ್ನಿ ಅಂತ ಮೇಲಿನವರು ಹೇಳಿ ಕಳಿಸಿದ್ದರು.

ಪಾಠ ಮಾಡಿದರು. ಕಲಿತ ಹುಡುಗರು ಕಾಡಿಗೆ ಹೋದರು. ರೇಡಿಯೋ ಕೆಟ್ಟಿತು. ರಿಪೇರಿಗೆ ಇವರೂ ಹಿಂದೆ ಹೋದರು. ಒಂದು ದಿನ ಆ ಕಡೆಯಿಂದ ಗುಂಡು ಬಂತು. ಸಲಹೆಗಾರ ಅಂತ ಸುಮ್ಮನೆ ಕೂತಿರಲು ಆಗುತ್ತದೆಯೇ?

ಜೊತೆಯಲ್ಲಿ ಡೇವ್ ಅಂತ ಒಬ್ಬ ಗೆಳೆಯ ಇದ್ದ. ಇಬ್ಬರಿಗೂ ಒಂದೇ ಡೇರೆ. ಒಂದು ಸಂಜೆ ಸಣ್ಣ ವಿಮಾನ ಇಳಿಯುವ ಮೈದಾನದ ಹತ್ತಿರ ಡೇವ್ ಸತ್ತ. ತರಬೇತಿ ಕೆಲಸದಲ್ಲಿರುವಾಗ ತೀರಿಕೊಂಡರು ಅಂತ ಅವನ ತಾಯಿಗೆ ಕಾಗದ ಹೋಯಿತು. ಅದರಲ್ಲಿ ಯುದ್ಧ ಅನ್ನುವ ಪದವೇ ಇರಲಿಲ್ಲ.

ಮಾರನೇ ದಿನ ಅಧಿಕಾರಿ ಇವರನ್ನು ಕರೆದು ಟೈಪ್ ಮಾಡಲು ಕೂರಿಸಿದರು. ವಿಮಾನ ಮೈದಾನದ ರಕ್ಷಣೆಗಾಗಿ ಮಾತ್ರ ನಲವತ್ತು ಜನ ಬೇಕು ಅಂತ ಒಂದು ಮನವಿ. ವಾಲ್ಟರ್ ಮನಸಾರೆ ಟೈಪ್ ಮಾಡಿದರು. ನಲವತ್ತು ಜನ ಬಂದರು. ಅವರಿಗೆ ಮಲಗಲು ಜಾಗ ಬೇಕಾಯಿತು, ಆ ಜಾಗಕ್ಕೆ ಬೇಲಿ, ಬೇಲಿಯಾಚೆ ಗಸ್ತು.

"ಅದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಕೊಟ್ಟರೂ ಟೈಪ್ ಮಾಡುತ್ತೇನೆ. ನನಗೆ ಹೆದರಿಕೆ ಆಗುವುದು ಅದಕ್ಕೇ" ಅಂದರು.

ಇವರು ಊರಿಗೆ ವಾಪಸಾದರು. ಆಮೇಲೆ ಸಮುದ್ರದಲ್ಲಿ ಅಮೆರಿಕದ ಹಡಗುಗಳ ಮೇಲೆ ಎರಡು ಸಲ ದಾಳಿಯಾಯಿತೆಂದು ಸುದ್ದಿ ಬಂತು. (ಎರಡನೆಯದು ನಡೆದೇ ಇರಲಿಲ್ಲ ಅಂತ ಬಹಳ ಕಾಲದ ಮೇಲೆ ಗೊತ್ತಾಯಿತು.) ಅಧ್ಯಕ್ಷರ ಕೈಗೆ ಪೂರ್ತಿ ಅಧಿಕಾರ ಸಿಕ್ಕಿತು. ವಿಮಾನಗಳು ಬಾಂಬು ಹಾಕತೊಡಗಿದವು. ಒಂದು ದಿನ ಅಡುಗೆಮನೆಯಲ್ಲಿ ನಿಂತು ಟಿವಿ ನೋಡುತ್ತಾರೆ, ಸೈನಿಕರು ಸಮುದ್ರದಿಂದ ದಡಕ್ಕೆ ನಡೆದು ಬರುತ್ತಿದ್ದಾರೆ. ಯಾಕೆ? ವಿಮಾನ ನಿಲ್ದಾಣದ ರಕ್ಷಣೆಗೆ ಮಾತ್ರ ಅಂತ ವಾರ್ತೆಯವನು ಓದಿದ. ಇವರು ಟಿವಿ ಆಫ್ ಮಾಡಿ ಹಿತ್ತಲಿಗೆ ಹೋಗಿ ಕೂತರಂತೆ.

ದಡಕ್ಕೆ ಬಂದವರ ಹಿಂದೆ ಲಕ್ಷಗಟ್ಟಲೆ ಜನ ಹೋದರು. ಯಾರೂ ಹಿಂದಕ್ಕೆ ಬನ್ನಿ ಅನ್ನಲಿಲ್ಲವೇ ಅಂತ ಕೇಳಿದೆ. ಅನ್ನುವುದು ಹೇಗೆ ಅಂದರು ವಾಲ್ಟರ್. ಬಂದುಬಿಟ್ಟರೆ ಅಲ್ಲಿಯ ತನಕ ಸತ್ತವರು ಸುಮ್ಮಸುಮ್ಮನೆ ಸತ್ತ ಹಾಗಾಗುತ್ತದಲ್ಲ. ಹಾಗಾಗಬಾರದು ಅಂತ ಇನ್ನಷ್ಟು ಜನ ಸತ್ತರು.

ಆಮೇಲೆ ಅವರೇ ಕೇಳಿದರು. "ಯುದ್ಧ ಶುರುವಾದ ದಿನ ಯಾವುದು ಅಂತ ನೀವು ಮಕ್ಕಳಿಗೆ ಹೇಳುತ್ತಿದ್ದಿರಿ?"

ಸೈನ್ಯ ದಡ ಮುಟ್ಟಿದ ವರ್ಷವನ್ನೇ ಹೇಳಿದೆ. ಪುಸ್ತಕದಲ್ಲಿ ಇದ್ದದ್ದು ಅದೇ.

"ಡೇವ್ ಅದಕ್ಕೂ ಮೊದಲೇ ಸತ್ತಿದ್ದ" ಅಂದರು. ದನಿ ಏರಿಸಲಿಲ್ಲ. ತಪ್ಪು ಉತ್ತರ ಬರೆದ ವಿದ್ಯಾರ್ಥಿಯ ಹಾಗೆ ನಾನು ಕಾಫಿ ಲೋಟ ತಿರುಗಿಸುತ್ತಾ ಕೂತೆ.

ಜವರೇಗೌಡರು ಅಷ್ಟೂ ಹೊತ್ತು ಬಾಗಿಲ ಹತ್ತಿರ ಮೆಟ್ಟಿಲ ಮೇಲೆ ಕೂತಿದ್ದರು. ಏನಂತೆ ಅಂತ ಕೇಳಿದರು. ಕನ್ನಡದಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಮ್ಮುನ್ನೂ ಅಂಗೇ ಕಳ್ಸಿದ್ದು ಮೇಡಂ. ಲಂಕೆಗೆ. ಜಗಳ ಬುಡ್ಸಕ್ಕೆ ಅಂತ" ಅಂದರು.

ಸಿಂಧಘಟ್ಟದ ಜವರೇಗೌಡರನ್ನು ನಾನು ಆರು ವರ್ಷದಿಂದ ಬಲ್ಲೆ. ಆಸ್ಪತ್ರೆಗೆ, ಮದುವೆಗೆ ಎಲ್ಲಕ್ಕೂ ಅವರದೇ ಆಟೋ. ಮಿಲಿಟರಿಯಲ್ಲಿದ್ದವರು ಅಂತಲೇ ನನಗೆ ಗೊತ್ತಿರಲಿಲ್ಲ. (ನಾನೂ ಯಾವತ್ತೂ ಕೇಳಿರಲಿಲ್ಲ ಬಿಡಿ.)

ನಮ್ಮ ದೇಶ ಶ್ರೀಲಂಕಾಕ್ಕೆ ಶಾಂತಿ ಕಾಯಲು ಸೈನ್ಯ ಕಳಿಸಿತ್ತಲ್ಲ, ಆ ಗುಂಪಿನಲ್ಲಿ ಇವರೂ ಇದ್ದರು. ದೀಪಾವಳಿಗೆ ಮನೆಯಲ್ಲಿರುತ್ತೀರಿ ಅಂದಿದ್ದರಂತೆ. ಮೊದಲು ಅಲ್ಲಿನ ಜನ ಹಾರ ಹಾಕಿದರು, ಟೀ ಕೊಟ್ಟರು. ಕೆಲವೇ ತಿಂಗಳಲ್ಲಿ ಅದೇ ಬೀದಿಯಿಂದ ಗುಂಡು ಬಂತು. ಅಲ್ಲಿ ಕಮ್ಯುನಿಸಂ ಪ್ರಶ್ನೆ ಇರಲಿಲ್ಲ, ಕಾರಣಗಳೇ ಬೇರೆ. ಹೋದ ರೀತಿ ಮಾತ್ರ ಅದೇ.

ಇದನ್ನು ಇಂಗ್ಲಿಷಿನಲ್ಲಿ ಹೇಳಿದೆ. ವಾಲ್ಟರ್ ಎದ್ದು ಹೋಗಿ ಮೆಟ್ಟಿಲ ಮೇಲೆ ಜವರೇಗೌಡರ ಪಕ್ಕದಲ್ಲೇ ಕೂತರು. ಆಮೇಲಿನ ಮಾತೆಲ್ಲ ಅವರಿಬ್ಬರದು. ಮಾತು ದಾಟಿಸುವ ನಾನು ಬರೀ ವೈರು.

ಜವರೇಗೌಡರು ಕೇಳಿದ್ದು ಒಂದೇ. "ಆ ಸ್ನೇಹಿತನ್ ತಾಯ್ನ ನೋಡಕ್ಕೆ ಓಗಿದ್ರಾ ಅಂತ ಕೇಳಿ."

ವಾಲ್ಟರ್ ಆಕೆಯ ಬೀದಿಯ ತನಕ ಹೋಗಿದ್ದರಂತೆ. ಆಕೆ ಅಂಗಳದಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಇವರು ಕಾರು ನಿಲ್ಲಿಸದೆ ಮುಂದೆ ಹೋದರು. ಮತ್ತೆ ಹೋಗಲೇ ಇಲ್ಲ. ಮಗಳಿಗೂ ಇದನ್ನು ಹೇಳಿಲ್ಲ ಅಂದರು.

ಜವರೇಗೌಡರು ಹೋಗಿದ್ದರು. ನಾಗಮಂಗಲ ಕಡೆಯ ಚಂದ್ರ ಅನ್ನುವ ಹುಡುಗ ಇವರ ಪಕ್ಕದಲ್ಲೇ ಬಿದ್ದಿದ್ದ. ರಜೆ ಸಿಕ್ಕಾಗ ಅವನ ಟ್ರಂಕನ್ನು ಇವರೇ ಹೊತ್ತುಕೊಂಡು ಹೋಗಿ ಮನೆಗೆ ಕೊಟ್ಟರು. ಆ ತಾಯಿ ಅಳಲಿಲ್ಲ. ಉಂಡುಕೊಂಡು ಹೋಗು ಅಂತ ಕೂರಿಸಿ ಬಡಿಸಿದರು. ಎದುರಿಗೇ ಕೂತು, ಇವರು ಉಂಡು ಕೈ ತೊಳೆಯುವ ತನಕ ಕಾದು ಆಮೇಲೆ ಕೇಳಿದರು.

"ಯಾರ್ ಜಮೀನಿನ್ ಜಗಳ ಮಗಾ ಅದು?"

ನೀವು ಏನು ಹೇಳಿದಿರಿ ಅಂತ ವಾಲ್ಟರ್ ಕೇಳಿದರು.

"ಗೊತ್ತಿಲ್ಲ ಕಣವ್ವ ಅಂದೆ. ಇನ್ನೇನ್ ಅನ್ಲಿ ಮೇಡಂ?"

ಅನುವಾದ ಮಾಡಿದೆ. ವಾಲ್ಟರ್ ತಲೆಯಾಡಿಸಿ ಜವರೇಗೌಡರ ಮೊಣಕಾಲ ಮೇಲೆ ಕೈಯಿಟ್ಟರು. ರೈಲಿನ ಹೊತ್ತಾಯಿತು ಅಂತ ಕೊನೆಗೆ ನಾನೇ ಎಬ್ಬಿಸಿದೆ.

ಪಂಡಿತರು, ಮಂತ್ರಿಗಳು, ನಮ್ಮಂಥ ಟೀಚರುಗಳು ವಿಯೆಟ್ನಾಂ ಬಗ್ಗೆ ಸಾವಿರ ಪ್ರಶ್ನೆ ಕೇಳಿದ್ದೇವೆ, ಉತ್ತರವನ್ನೂ ಬರೆದಿದ್ದೇವೆ. ನಾಗಮಂಗಲದ ಆ ತಾಯಿ ಕೇಳಿದ್ದನ್ನು, ಮೊದಲ ನಾಲ್ಕು ಜನ ಸಲಹೆಗಾರರು ವಿಮಾನ ಹತ್ತುವ ದಿನವೇ ಯಾರಾದರೂ ಕೇಳಬಾರದಿತ್ತೇ?