ದುಬೈಗೆ ಹೋದ ರಸಬಾಳೆ

ಮೊನ್ನೆ ಸೊಸೆ ಅಡುಗೆಮನೆ ಮೂಲೆಯಿಂದ ಕರ್ರಗಾದ ರಸಬಾಳೆ ಚಿಪ್ಪೊಂದನ್ನು ಎತ್ತಿಕೊಂಡು ಹಸುವಿಗೆ ಹಾಕಲು ಹೊರಟಳು. ವಾಸನೆ ಮೂಗಿಗೆ ಬಡಿಯಿತು. ನಿಲ್ಲು ಎಂದೆ. ನೀವೂ ಒಂದು ಗಳಿಗೆ ನಿಲ್ಲಿ.

ನಾನು ಟಿ. ನರಸೀಪುರದವಳು. ನಂಜನಗೂಡಿನ ಬಸ್ ನಿಲ್ದಾಣದ ಎದುರು ಇಪ್ಪತ್ತು ವರ್ಷ ಬಾಳೆಹಣ್ಣು ಮಾರಿದೆ. ಓದು ಎರಡನೇ ಕ್ಲಾಸಿಗೇ ಮುಗಿಯಿತು. ಹಣ್ಣಿನ ವಿದ್ಯೆ ಮಾತ್ರ ಹತ್ತಿತು. ಕೊಳ್ಳಲು ಬಂದವರಿಗೆ ನನ್ನ ಮೊದಲ ಮಾತು, 'ಎಲ್ಲಿಗೆ?' ದೇವಸ್ಥಾನಕ್ಕಾದರೆ ಪೂರಾ ಹಳದಿ. ಬನ್ನೂರಿಗಾದರೆ ತೊಟ್ಟು ಹಸಿರಿರಬೇಕು. ಬೆಂಗಳೂರಿಗೆ ಅರ್ಧ ಕಾಯಿ. ಹೋಗಿ ಇಳಿಸುವ ಹೊತ್ತಿಗೆ ಸರಿಯಾಗಿ ಹಣ್ಣಾಗಿರುತ್ತಿತ್ತು. ನನಗೆ ಅದರ ಜಂಬ ಬಹಳ ಇತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ, ಖಾಯಂ ಗಿರಾಕಿ ಪುಟ್ಟತಾಯಮ್ಮ ಬಂದಳು. ದುಬೈ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಮಗಳ ಬಾಣಂತನಕ್ಕೆ ಮಾರನೆಯ ದಿನ ಹೊರಟಿದ್ದಳು.

"ಮಗಳಿಗೆ ಎಂಟು ತಿಂಗ್ಳು ತುಂಬ್ಯದೆ ಕಣಕ್ಕ. ಏನ್ ತಿಂದ್ರೂ ನಿಲ್ಲಕಿಲ್ವಂತೆ. ರಸಬಾಳೆ ಒಂದ್ ತಗಂಬಾ, ಅದೊಂದ್ ಸೇರ್ತದೆ ಅಂದವ್ಳೆ. ಕೆಟ್ಟೋಗ್ದಂಗೆ ಕೊಡು."

"ಎಷ್ಟೊತ್ತು ಪಯಣ?"

"ಬೆಂಗ್ಳೂರಿಂದ ಏರೋಪ್ಲೇನಲ್ಲಿ ನಾಕೇ ಗಂಟೆಯಂತೆ."

"ನಾಕಾ? ನರಸೀಪುರದ ಬಸ್ಸು ಕೈಕೊಟ್ರೆ ನಂಗೇ ಅಷ್ಟಾಯ್ತದೆ. ದುಬೈ ನಮ್ಮೂರ್ಗಿಂತ ಅತ್ರ ಬುಡು."

ಬನ್ನೂರಿಗೆ ಕೊಡುವ ಹಣ್ಣು ಕೊಟ್ಟು ಕಳಿಸಿದೆ.

ಸಂಜೆ ಬಸ್ಸಿಗೆ ಕಾಯುತ್ತಾ ಕಲ್ಲಿನ ಮೇಲೆ ಕೂತಿದ್ದೆ. ದಾರಿ ಒಂದು ಗಂಟೆಯದು, ಕಾಯುವುದು ಎರಡು ಗಂಟೆ. ಆಗ ಹೊಳೆಯಿತು. ಬೆಂಗಳೂರಿಗೆ ಹೋಗುವುದು, ಅಲ್ಲಿ ಕಾಯುವುದು, ಹಾರುವುದು, ಇಳಿದ ಮೇಲೆ ಮತ್ತೆ ಕಾಯುವುದು. ದಿನಾ ಕಾದು ಕಾದು ಸೊಂಟ ಬಿದ್ದವಳು ನಾನು; ಕಾಯುವ ಹೊತ್ತನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆ ಬಸುರಿಯ ಬಾಯಿಗೆ ನಾನೇ ಮಣ್ಣು ಹಾಕಿದೆ ಎಂದುಕೊಂಡೆ. ಪುಟ್ಟತಾಯಮ್ಮನ ಊರೂ ಗೊತ್ತಿರಲಿಲ್ಲ, ಫೋನೂ ಇರಲಿಲ್ಲ.

ನಾಲ್ಕು ತಿಂಗಳ ಮೇಲೆ ಅವಳು ಅಂಗಡಿಯ ಕಡೆ ಬರುವುದು ಕಂಡಿತು. ಬುಟ್ಟಿ ಎತ್ತಿ ಓಡಲೇ ಎಂದು ನೋಡಿದೆ, ಮಂಡಿ ಕೇಳಲಿಲ್ಲ.

"ಗಂಡು ಮಗ ಕಣಕ್ಕ," ಎಂದು ಕೂತಳು. "ಬಿಚ್ಚಿದ್ರೆ ನಿನ್ನ ಅಣ್ಣು ಇದ್ಲಂಗೆ ಕರ್ರಗಿತ್ತು. ಅಳಿಯ ಎತ್ತಿ ಬಿಸಾಕಕ್ಕೋದ. ಮಗ್ಳು ಕಿತ್ಕಂಡು ನಿಂತಂಗೇ ಏಳು ತಿಂದ್ಲು. ಒಳಗೆ ಬೆಣ್ಣೆಯಂತೆ. ಅದೆಂಗಕ್ಕ ಗೊತ್ತಾಯ್ತು ನಿಂಗೆ, ಕರ್ರಗಾದ್ಮೇಲೇ ರುಚಿ ಅಂತ?"

"ಲೆಕ್ಕ ಆಕ್ಬುಟ್ಟೇ ಕೊಟ್ಟಿದ್ದು," ಎಂದೆ, ಕಣ್ಣು ಮಿಟುಕಿಸದೆ.

ಆಮೇಲೆ ಉಳಿದು ಕಪ್ಪಾದದ್ದನ್ನೆಲ್ಲ ದುಬೈ ಹಣ್ಣು ಎಂದೇ ಮಾರಿದೆ. ಜನ ಕೇಳಿ ಕೇಳಿ ಕೊಂಡರು.

ಸೊಸೆ ಚಿಪ್ಪು ಹಿಡಿದು ಇನ್ನೂ ನಿಂತಿದ್ದಳು. "ಇದೂ ಲೆಕ್ಕ ಆಕ್ಬುಟ್ಟೇ ಮಡಗಿದ್ದಾ ಅತ್ತೆ?" ಎಂದಳು. ಆ ಕಥೆ ಅವಳಿಗೂ ನೂರು ಸಲ ಹೇಳಿದ್ದೆ, ನಾನು ಗೆದ್ದಂತೆ.

"ಇಲ್ಲ ಕಣವ್ವ, ಮರ್ತಿದ್ದೆ," ಎಂದೆ. "ಆಗ್ಲೂ ಅಷ್ಟೇಯ."

ಅವಳು ನಕ್ಕು ಒಂದು ಹಣ್ಣು ಸುಲಿದು, ಮುರಿದು ಅರ್ಧ ನನ್ನ ಕೈಗಿಟ್ಟಳು. ಹಸು ಹೊರಗೆ ಕೂಗುತ್ತಲೇ ಇತ್ತು. ಕಾಯಲಿ.