ತಂಗಿಯ ರಕ್ತ ಕಂಡು ಹೊಟ್ಟೆಕಿಚ್ಚು

ಉವಾಂತಾ ಪೇಟೆಯಲ್ಲಿ ಚಾಪ್ಲಾ ರೊಟ್ಟಿ ಸುಟ್ಟು ಮಾರುವ ಎರ್ಮೆಲಿಂದಾಳಿಗೆ ತಂಗಿ ಸೊಸಿಮಾಳನ್ನು ಕಂಡರೆ ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ತಂಗಿಯ ಜಡೆ ದಪ್ಪ, ದನಿ ಇಂಪು. ಕಾರ್ನಿವಲ್ ಬಂದರೆ ಹಾಡಲು ಜನ ಅವಳನ್ನೇ ಕರೆಯುತ್ತಿದ್ದರು. ಅಕ್ಕ ಅದನ್ನೆಲ್ಲ ಸಹಿಸಿಕೊಂಡಿದ್ದಳು. ಆದರೆ ಹೆಪಟೈಟಿಸ್ ಬಿ ತನ್ನ ಪಿತ್ತಜನಕಾಂಗದಲ್ಲಿ ಬೀಡುಬಿಟ್ಟಿದೆ, ದಿನಾ ಮಾತ್ರೆ ನುಂಗಬೇಕು ಎಂದಾದ ಮೇಲೆ 'ನನಗೇ ಯಾಕೆ?' ಎಂಬುದು ಒಳಗೊಳಗೇ ಕೊರೆಯತೊಡಗಿತು.

ಸೊಸಿಮಾ ಗಂಡನ ಆಪರೇಷನ್ನಿಗೆ ರಕ್ತ ಕೊಡಲು ಹೋದಾಗ ಆಸ್ಪತ್ರೆಯವರು ಮೊದಲ ತಪಾಸಣೆ ನೋಡಿಯೇ ಅವಳ ರಕ್ತ ಬೇಡವೆಂದು, ಇನ್ನೊಂದು ಪರೀಕ್ಷೆ ಮಾಡಿಸಿದರು. ಅದರ ವರದಿ ಹಿಡಿದು ಅವಳು ನೇರ ಅಕ್ಕನ ಒಲೆಯ ಬಳಿ ಓಡಿಬಂದಳು.

"ಅಕ್ಕಾ, ನಂಗೂ ಬಂದ್ಬಿಟ್ಟಿದೆ ಕಣೇ! ಪಾಸಿಟಿವ್ ಅಂತೆ. ಅದೂ ಎರಡು ಕಡೆ!"

ಎರ್ಮೆಲಿಂದಾಳ ಎದೆ ಒಂದು ಗಳಿಗೆ ತಂಪಾಯಿತು. ಕೊನೆಗೂ ಇವಳು ನನ್ನ ಜೊತೆಗೆ ಬಂದಳು! ವರದಿ ಇಸಿದುಕೊಂಡು ನೋಡಿದಳು. ತನ್ನದನ್ನು ಎಷ್ಟೋ ಸಲ ಓದಿಸಿಕೊಂಡವಳಿಗೆ ಅರ್ಥವಾಗದ್ದೇನಿರಲಿಲ್ಲ. ವೈರಾಣು ಈಗ ಮೈಯಲ್ಲಿದೆಯೇ? ನೆಗೆಟಿವ್. ಹಿಂದೆಂದಾದರೂ ತಗುಲಿತ್ತೇ? ಪಾಸಿಟಿವ್. ಕಾಪಾಡುವ ಪ್ರತಿಕಾಯ ಹುಟ್ಟಿದೆಯೇ? ಅದೂ ಪಾಸಿಟಿವ್. ಅಂದರೆ ರೋಗ ಯಾವಾಗಲೋ ಬಂದು, ವಾಸಿಯಾಗಿ ಹೋಗಿತ್ತು.

ಒಬ್ಬಳೇ ತಾಯಿಯ ಮಕ್ಕಳು, ಒಂದೇ ಕಂಬಳಿಯಡಿ ಬೆಳೆದವರು. ಇವಳ ಮೈ ಗೆದ್ದಿತ್ತು, ತನ್ನದು ಸೋತಿತ್ತು.

"ನಂಗೇನ್ ಗೊತ್ತಾಗತ್ತೆ? ನರ್ಸಮ್ಮನ್ನ ಕೇಳ್ಕೋ ಹೋಗು," ಎಂದು ವರದಿಯನ್ನು ಹಿಂದಕ್ಕೆ ಕೊಟ್ಟಳು.

ನರ್ಸ್ ಗ್ಲಾದಿಸ್ ಲಸಿಕೆ ಹಾಕಲು ಬೆಟ್ಟದ ಹಳ್ಳಿಗಳಿಗೆ ಹೋಗಿದ್ದಳು. ಸೊಸಿಮಾ ತನ್ನ ತಟ್ಟೆ ಲೋಟ ಬೇರೆ ಇಟ್ಟುಕೊಂಡಳು, ಹಾಡು ನಿಲ್ಲಿಸಿದಳು. ತಟ್ಟೆ ಲೋಟದಿಂದ ಇದು ಹರಡುವುದಿಲ್ಲವೆಂದು ಬಲ್ಲ ಅಕ್ಕ ಅದಕ್ಕೂ ತುಟಿ ಬಿಚ್ಚಲಿಲ್ಲ. ಅಳಲಿ, ನಾನೂ ಅತ್ತಿದ್ದೇನೆ, ಅಂದುಕೊಂಡಳು.

ಆಮೇಲೊಂದು ಬೆಳಿಗ್ಗೆ ರೊಟ್ಟಿಗೆಂದು ಬಂದಾಗ ಸೊಸಿಮಾಳ ಮಗಳು ಯೆನಿ ಅಮ್ಮನಿಗೆ ಮುತ್ತು ಕೊಡಲು ಹೋದಳು. ಸೊಸಿಮಾ ಮುಖ ಸರಿಸಿ ಅವಳನ್ನು ದೂರ ತಳ್ಳಿದಳು. ಮಗು ಬಿಕ್ಕುತ್ತಾ ಎರ್ಮೆಲಿಂದಾಳ ಲಂಗ ಹಿಡಿದುಕೊಂಡಿತು. "ದೊಡ್ಡಮ್ಮಾ, ನಾನೇನ್ ತಪ್ಪು ಮಾಡ್ದೆ?"

ಎರ್ಮೆಲಿಂದಾಳಿಗೆ ತಡೆಯಲಾಗಲಿಲ್ಲ. "ಮುತ್ತು ಕೊಡೇ ಆ ಮಗೂಗೆ! ನಿಂಗೇನೂ ಇಲ್ಲ. ಚಿಕ್ಕಂದಿನಲ್ಲೇ ಯಾವಾಗ್ಲೋ ಬಂದು ಹೋಗಿದೆ."

"ನಿಂಗ್ ಯಾರ್ ಹೇಳಿದ್ರು?"

"ಅವತ್ತೇ ಓದಿದ್ದೆ."

ಸೊಸಿಮಾ ಅವಳನ್ನೇ ನೋಡಿದಳು. "ಗೊತ್ತಿದ್ದೂ ನನ್ನ ಅಳೋಕೆ ಬಿಟ್ಯಾ?"

"ಹೂಂ. ಹೊಟ್ಟೆ ಉರೀತು. ನಿನ್ ಜಡೆಗೂ ಇಷ್ಟು ಉರ್ದಿರ್ಲಿಲ್ಲ."

ಸೊಸಿಮಾ ಮಗಳನ್ನು ಎತ್ತಿಕೊಂಡು ರೊಟ್ಟಿಯನ್ನೂ ಮುಟ್ಟದೆ ಹೊರಟುಹೋದಳು. ಗ್ಲಾದಿಸ್ ಬಂದ ಮೇಲೆ ಒಬ್ಬಳೇ ಹೋಗಿ ಕೇಳಿದಳು. ಅಕ್ಕ ಹೇಳಿದ್ದೇ ನಿಜ, ಅವಳಿಂದ ಯಾರಿಗೂ ಹರಡುವುದಿಲ್ಲ. "ಒಂದೇ ಮಾತು, ಮುಂದೆ ಮೈಯ ರೋಗನಿರೋಧಕ ಶಕ್ತಿ ಕುಗ್ಗಿಸೋ ಔಷಧಿ ಏನಾದ್ರೂ ಕೊಟ್ರೆ, ಇದು ಬಂದಿತ್ತು ಅಂತ ಡಾಕ್ಟರಿಗೆ ಮೊದ್ಲೇ ಹೇಳು. ಎಲ್ಲೋ ಒಳಗೆ ಚೂರು ಮಲಗಿರುತ್ತೆ, ಅದು ಏಳಬಹುದು," ಎಂದಳು ಗ್ಲಾದಿಸ್.

ಎಷ್ಟೋ ದಿನ ಸೊಸಿಮಾ ಬೇರೆ ಅಂಗಡಿಯ ರೊಟ್ಟಿ ತಂದಳು. ಕೊನೆಗೆ ಎರ್ಮೆಲಿಂದಾ ಪಿತ್ತಜನಕಾಂಗದ ಸ್ಕ್ಯಾನಿಂಗಿಗೆ ಹೊರಟ ದಿನ ಬಸ್ಸಿನಲ್ಲಿ ಅವಳ ಪಕ್ಕಕ್ಕೆ ಬಂದು ಕುಳಿತಳು.

"ಕೋಪ ಹೋಯ್ತಾ?" ಎಂದಳು ಅಕ್ಕ.

"ಇಲ್ಲ. ಈ ಕಡೆ ಬಾ, ಕಿಟಕಿ ನಂಗೆ ಬೇಕು."

ಎರ್ಮೆಲಿಂದಾ ಸರಿದು ಕೂತಳು. ಕಿಟಕಿಯೂ ಇವಳಿಗೇ ಹೋಯಿತಲ್ಲ ಎಂದು ಅವಳ ಹೊಟ್ಟೆ ಆಗಲೂ ತುಸು ಉರಿಯಿತು.