ಹದಿಮೂರರ ನಂತರ ಹದಿನೇಳು

ದೋಣಿಯ ಸುತ್ತು ಎಣಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ನಾನು ಎಣಿಸಲಿಲ್ಲ. ಎಣಿಸಿದವನ ಹಾಗೆ ಸ್ಲೇಟಿನ ಮೇಲೆ ಗೀಟು ಎಳೆದುಕೊಟ್ಟೆ. ಆ ಗೀಟುಗಳನ್ನು ನಂಬಿ ನನ್ನ ತಂಗಿಗೆ ಒಂದು ಕಪ್ ಕೊಟ್ಟರು. ಅವಳು ಅದನ್ನು ವರ್ಷವಿಡೀ ಫ್ರಿಜ್ಜಿನ ಮೇಲಿಟ್ಟು ಬಂದವರಿಗೆಲ್ಲ ತೋರಿಸಿದಳು. ನಾನು ವರ್ಷವಿಡೀ ಬಾಯಿ ಮುಚ್ಚಿಕೊಂಡಿದ್ದೆ.

ನಾನು ಓದಿದ್ದು ಏಳನೇ ಕ್ಲಾಸು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಭದ್ರಾವತಿಯಲ್ಲಿ ಬೈಕು, ಆಟೋಗಳ ಸೀಟಿಗೆ ಕವರ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಎಣಿಸಲು ಬಾರದವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪಾಪ ಓದಿಲ್ಲ ಎಂದು ಯಾರೂ ನನ್ನನ್ನು ಬಿಟ್ಟುಬಿಡುವುದು ಬೇಡ.

ತಂಗಿ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಶಿವಮೊಗ್ಗದಲ್ಲಿ ಆಫೀಸಿನ ಕೆಲಸ, ನವುಲೆಯಲ್ಲಿ ಬಾಡಿಗೆ ಮನೆ. ಕಾಲೇಜಿನಲ್ಲಿದ್ದಾಗ ಯಾವುದೋ ಕ್ಯಾಂಪಿಗೆ ಹೋಗಿ ಹಾಯಿದೋಣಿ ನಡೆಸುವುದನ್ನು ಕಲಿತು ಬಂದಳು. ನಮ್ಮ ಮನೆಯಲ್ಲಿ ಅದುವರೆಗೆ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವರೂ ಇರಲಿಲ್ಲ. ಭದ್ರಾ ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಒಂದು ಸಣ್ಣ ಕ್ಲಬ್ಬಿದೆ. ತಗಡಿನ ಒಂದು ಶೆಡ್ಡು, ಹತ್ತು ಹನ್ನೆರಡು ದೋಣಿ, ಅಷ್ಟೆ. ಪ್ರತಿ ಭಾನುವಾರ ಅವಳು ಅಲ್ಲಿರುತ್ತಾಳೆ. ಸೋಮವಾರ ನನಗೆ ಫೋನು ಮಾಡಿ ಗಾಳಿಯ ವಿಷಯ ಹೇಳುತ್ತಾಳೆ. ಗಾಳಿ ಯಾವ ಕಡೆಯಿಂದ ಬಂತು, ಎಲ್ಲಿ ತಿರುಗಿತು, ಇವಳು ಹೇಗೆ ಹಿಡಿದಳು. ಗಿರಾಕಿ ಎದುರಿಗೆ ನಿಂತಿರುತ್ತಾನೆ, ರೆಕ್ಸಿನ್ ಕೈಯಲ್ಲಿರುತ್ತದೆ, ನಾನು ಕಿವಿಗೆ ಫೋನು ಒತ್ತಿಕೊಂಡು 'ಹೂಂ, ಹೂಂ' ಎನ್ನುತ್ತಿರುತ್ತೇನೆ. ಕಣ್ಣಿಗೆ ಕಾಣದ ವಸ್ತುವಿನ ಬಗ್ಗೆ ಒಬ್ಬಳು ಇಷ್ಟು ಮಾತಾಡುವುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಆ ಕ್ಲಬ್ಬಿನವರು ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಆರು ಗಂಟೆಯ ರೇಸು ಇಡುತ್ತಾರೆ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ. ನೀರಿನಲ್ಲಿ ಎರಡು ಕಿತ್ತಳೆ ಬಣ್ಣದ ಡ್ರಮ್ಮು ತೇಲಿಬಿಟ್ಟಿರುತ್ತಾರೆ, ಒಂದು ದಡದ ಹತ್ತಿರ, ಇನ್ನೊಂದು ದೂರದಲ್ಲಿ. ದೋಣಿಗೆ ಇಬ್ಬರು. ಎರಡೂ ಡ್ರಮ್ಮು ಬಳಸಿಕೊಂಡು ಯಾರು ಹೆಚ್ಚು ಸುತ್ತು ಹಾಕುತ್ತಾರೋ ಅವರು ಗೆದ್ದಂತೆ. ಸುತ್ತು ಸಮವಾದರೆ, ಕೊನೆಯ ಸೀಟಿ ಊದಿದಾಗ ಮುಂದೆ ಇದ್ದವರು. ಊಟ, ನೀರು, ಜಗಳ ಎಲ್ಲ ದೋಣಿಯಲ್ಲೇ.

ಸುತ್ತು ಎಣಿಸುವುದು ಮಾತ್ರ ಕ್ಲಬ್ಬಿನವರಲ್ಲ. ಪ್ರತಿ ದೋಣಿಯ ಮನೆಯವರೊಬ್ಬರು ಸ್ಲೇಟು, ಬಳಪ ಹಿಡಿದು ದಡದಲ್ಲಿ ಕೂರಬೇಕು. ತಮ್ಮ ದೋಣಿ ಹತ್ತಿರದ ಡ್ರಮ್ಮು ದಾಟಿದಾಗೆಲ್ಲ ಒಂದು ಗೀಟು. ಆ ಸ್ಲೇಟಿನಲ್ಲಿ ಎಷ್ಟಿದೆಯೋ ಅಷ್ಟು, ಅದರ ಮೇಲೆ ವಿಚಾರಣೆಯಿಲ್ಲ. ದೋಣಿಯಲ್ಲಿದ್ದವರೂ ಎಣಿಸಲು ನೋಡುತ್ತಾರೆ, ಆದರೆ ಬಿಸಿಲು, ಹಗ್ಗ, ಗಾಳಿಯ ನಡುವೆ ಏಳೆಂಟು ಸುತ್ತಾದ ಮೇಲೆ ಎಲ್ಲರ ಲೆಕ್ಕವೂ ಕಲಸಿಹೋಗುತ್ತದೆ.

"ಅಣ್ಣ, ಈ ಸಲ ಎಣಿಸಕ್ಕೆ ನೀನು ಬಾರೋ" ಎಂದಳು ತಂಗಿ.

"ಭಾನುವಾರನೇ ನಂಗೆ ಗಿರಾಕಿ ಜಾಸ್ತಿ ಮಾರಾಯ್ತಿ."

"ಕೂತ್ಕೊಂಡು ಗೀಟು ಹಾಕೋದಪ್ಪ. ಸೀಟ್ ಹೊಲಿವಾಗ ಒಂದು ಹೊಲಿಗೆ ತಪ್ಪಲ್ಲ ನೀನು. ಅದಕ್ಕೇ ಕರೀತಿರೋದು."

ಹೊಗಳಿದರೆ ನಾನು ಎಲ್ಲಿಗೆ ಬೇಕಾದರೂ ಹೋಗುತ್ತೇನೆ. ಹೋದೆ.

ದಡದಲ್ಲಿ ನನ್ನ ಪಕ್ಕದ ಕುರ್ಚಿ ಒಬ್ಬ ಹೆಂಗಸಿನದು. ಅವರ ಗಂಡ ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ ಮಾಡಿ ನಿವೃತ್ತರಾದವರು, ಅಳಿಯನನ್ನು ಜೊತೆಗೆ ಕೂರಿಸಿಕೊಂಡು ದೋಣಿ ನಡೆಸುತ್ತಿದ್ದರು. ಮನೆಮಾತು ತಮಿಳು, ಆಕೆ ನನ್ನನ್ನು ತಂಬಿ ಎಂದೇ ಕರೆದರು. ಗಂಡ ಪ್ರತಿವರ್ಷ ಎರಡನೆಯವರಾಗಿ ಬರುತ್ತಾರಂತೆ. "ಎರಡನೇ ನಂಬರು ನಂಗೆ ರಿಸರ್ವೇಶನ್ನಪ್ಪ, ಬೇರೆಯವ್ರು ಕೂರಂಗಿಲ್ಲ" ಎಂದು ದೋಣಿ ಹತ್ತುವಾಗ ಅವರೇ ನಕ್ಕಿದ್ದರು.

ಮೊದಲ ಎರಡೂವರೆ ಗಂಟೆ ನಾನು ಚೆನ್ನಾಗಿ ಎಣಿಸಿದೆ. ಹದಿಮೂರು ಸುತ್ತು. ಪಕ್ಕದ ಸ್ಲೇಟಿನಲ್ಲೂ ಹದಿಮೂರು, ಆದರೆ ನೀರಿನ ಮೇಲೆ ತಂಗಿ ಮುಂದಿದ್ದಳು.

ಹನ್ನೆರಡೂವರೆಗೆ ಗಾಳಿ ನಿಂತಿತು. ದೋಣಿಗಳೂ ನಿಂತವು. ಹಾಯಿಗಳು ಒಣಗಲು ಹಾಕಿದ ಪಂಚೆಗಳ ಹಾಗೆ ಜೋತುಬಿದ್ದವು. ಐದು ನಿಮಿಷ ನೋಡಿದೆ, ಹತ್ತು ನಿಮಿಷ ನೋಡಿದೆ. ತಲೆಯ ಮೇಲೆ ಬಿಸಿಲು, ಕುರ್ಚಿಯ ಪ್ಲಾಸ್ಟಿಕ್ಕು ಬೆನ್ನಿಗೆ ಅಂಟುತ್ತಿದೆ, ಎದುರಿಗೆ ಹನ್ನೊಂದು ದೋಣಿ ಒಂದಿಂಚೂ ಕದಲುತ್ತಿಲ್ಲ, ಇದಕ್ಕೆ ಹೆಸರು ರೇಸು! ತ್ಯಾವರೆಕೊಪ್ಪದ ಸಫಾರಿಯ ಹುಲಿಯಾದರೂ ನಡುವೆ ಒಂದು ಸಲ ಎದ್ದು ಆಕಳಿಸುತ್ತದೆ.

"ಇದೇನಮ್ಮ, ಇದು ರೇಸಾ?" ಎಂದೆ.

"ಇರು ತಂಬಿ, ಗಾಳಿ ಬರುತ್ತೆ."

"ಯಾವಾಗ?"

"ಅದು ಬಂದಾಗ."

ಈ ಉತ್ತರಕ್ಕೆ ನನಗೆ ತಲೆ ಕೆಟ್ಟಿತು. ಸ್ಲೇಟನ್ನು ಕುರ್ಚಿಯ ಮೇಲಿಟ್ಟು ಮೇಲಿನ ರಸ್ತೆಯ ಟೀ ಅಂಗಡಿಗೆ ಹೋದೆ. ಹತ್ತು ನಿಮಿಷದಲ್ಲಿ ಬರುತ್ತೇನೆಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿ ನನ್ನ ಹಳೆಯ ಗಿರಾಕಿಯೊಬ್ಬ ಸಿಕ್ಕಿದ. ಅವನ ಜೀಪಿನ ಸೀಟು ಹರಿದಿತ್ತು. ಅವನ ಜೊತೆ ಹಿಂದಿನ ಸೀಟಿನ ಅಳತೆ ತೆಗೆದೆ, ಫೋಮು ಎಷ್ಟು ದಪ್ಪ ಬೇಕೆಂದು ವಾದ ಮಾಡಿದೆ, ಮಂಡಕ್ಕಿ ತಿಂದೆ, ಇನ್ನೊಂದು ಟೀ ಕುಡಿದೆ. ಅಂಗಡಿಯ ಮುಂದಿನ ಮರದ ಎಲೆಗಳು ಯಾವಾಗಲೋ ಅಲ್ಲಾಡಲು ಶುರುಮಾಡಿದ್ದವು. ನಾನು ನೋಡಿದೆ, ನೋಡಿಯೂ ಕೂತೆ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ವಾಪಸು ಬಂದಾಗ ನಾನು ಎದ್ದುಹೋಗಿ ಒಂದು ಗಂಟೆಯ ಮೇಲಾಗಿತ್ತು. ದೋಣಿಗಳೆಲ್ಲ ಓಡುತ್ತಿದ್ದವು. ಪಕ್ಕದ ಸ್ಲೇಟಿನಲ್ಲಿ ಹದಿನಾರು ಗೀಟು.

"ಅಮ್ಮ, ನಮ್ದು ಎಷ್ಟಾಯ್ತು?"

ಆಕೆ ನೀರಿನಿಂದ ಕಣ್ಣು ತೆಗೆಯಲಿಲ್ಲ. "ನಾನು ನಮ್ದು ಎಣಿಸ್ತಿದೀನಿ ತಂಬಿ. ನಿಮ್ದು ನೀನು ಎಣಿಸ್ಬೇಕು."

ಆಗಲೇ ಎದ್ದು ಕ್ಲಬ್ಬಿನವರ ಹತ್ತಿರ ಹೋಗಿ ತಪ್ಪಿಹೋಯಿತು ಎನ್ನಬಹುದಿತ್ತು. ಬೈಯುತ್ತಿದ್ದರು, ಅಷ್ಟೇ. ಅದರ ಬದಲು ನಾನು ಕೂತು ಯೋಚಿಸಿದೆ. ಪಕ್ಕದ ದೋಣಿಯವರು ಅಷ್ಟರಲ್ಲಿ ಮೂರು ಸುತ್ತು ಹಾಕಿದ್ದಾರೆ, ತಂಗಿ ಬೆಳಿಗ್ಗೆಯಿಂದ ಅವರಿಗಿಂತ ಮುಂದೆ, ಹಾಗಾದರೆ ನಾಲ್ಕು. ಮೈ ಓರೆಮಾಡಿ ಸ್ಲೇಟನ್ನು ಮರೆಮಾಡಿಕೊಂಡು ನಾಲ್ಕು ಗೀಟು ಎಳೆದೆ. ಹದಿಮೂರು ಇದ್ದದ್ದು ಹದಿನೇಳಾಯಿತು. ಆಮೇಲೆ ಕಣ್ಣು ಮಿಟುಕಿಸದೆ ಎಣಿಸಿದೆ. ಇನ್ನೂ ಐದು.

ನಾಲ್ಕು ಗಂಟೆಗೆ ಸೀಟಿ ಊದಿದಾಗ ಆ ನಿವೃತ್ತರ ದೋಣಿ ತಂಗಿಯ ದೋಣಿಗಿಂತ ಒಂದಿಷ್ಟು ಮುಂದಿತ್ತು. ಸ್ಲೇಟುಗಳನ್ನು ತೆಗೆದುಕೊಂಡು ಹೋದರು. ತಂಗಿ ದಡಕ್ಕೆ ಬಂದವಳು ಹಾಗೇ ಮರಳಿನ ಮೇಲೆ ಕೂತಳು. ಎರಡೂ ಮೊಣಕಾಲು ತರಚಿತ್ತು, ಅಂಗೈ ಬೊಬ್ಬೆ ಎದ್ದಿತ್ತು.

"ಹೋಯ್ತು ಅಣ್ಣ. ಗಾಳಿ ಬಂದ ತಕ್ಷಣ ಹಗ್ಗ ರಾಟೇಲಿ ಸಿಕ್ಕೊಂಡ್ಬಿಡ್ತು. ಬಿಡಿಸೋ ಹೊತ್ತಿಗೆ ಅವ್ರು ನಮ್ಮನ್ನ ದಾಟಿ ಎಲ್ಲೋ ಹೋಗಿದ್ರು. ಆಮೇಲೆ ಹಿಡಿಯಕ್ಕೇ ಆಗ್ಲಿಲ್ಲ."

ನಾನು ಎಳೆದ ನಾಲ್ಕು ಗೀಟು ನೆನಪಾಯಿತು. ನಾಲ್ಕು ಆಗಿರಲು ಸಾಧ್ಯವೇ ಇರಲಿಲ್ಲ. ಮೂರಾಗಿದ್ದರೂ ಹೆಚ್ಚು. ಬಾಯಿ ತೆರೆದೆ. ಅಷ್ಟರಲ್ಲಿ ಶೆಡ್ಡಿನ ಮುಂದೆ ಕ್ಲಬ್ಬಿನವರು ಸ್ಲೇಟಿನ ಲೆಕ್ಕ ಓದಿದರು. ನಿವೃತ್ತರದು ಇಪ್ಪತ್ತೊಂದು, ನನ್ನ ತಂಗಿಯ ದೋಣಿಯದು ಇಪ್ಪತ್ತೆರಡು.

ಅವಳು ಕೂಗಿದ್ದು ಆಚೆ ದಡಕ್ಕೂ ಕೇಳಿರಬೇಕು. "ಒಂದು ಸುತ್ತು ಮುಂದಿದ್ವಾ ನಾವು? ನಂಗೇ ಗೊತ್ತಿರ್ಲಿಲ್ವಲ್ಲೋ!" ಎನ್ನುತ್ತ ಒದ್ದೆ ಮೈಯಲ್ಲೇ ನನ್ನನ್ನು ತಬ್ಬಿಕೊಂಡಳು. ನಿವೃತ್ತರು ಬಂದು ಅವಳ ಕೈ ಕುಲುಕಿದರು. "ಹಗ್ಗ ಸಿಕ್ಕೊಂಡ್ರೂ ಗೆದ್ಯಲ್ಲಮ್ಮ, ಭೇಷ್! ನನ್ನ ರಿಸರ್ವೇಶನ್ ಸೀಟು ನಂಗೆ ಸಿಕ್ತು ಬಿಡು." ಅವರ ಹೆಂಡತಿ ಕುರ್ಚಿ ಮಡಿಸುತ್ತ ನನ್ನನ್ನು ಒಂದು ಸಲ ನೋಡಿದರು.

ಆಮೇಲಿನ ವರ್ಷ ಹೇಗಿತ್ತೆಂದು ಕೇಳಬೇಡಿ. ಹಗ್ಗ ಸಿಕ್ಕಿಕೊಂಡರೂ ಗೆದ್ದ ಕತೆಯನ್ನು ತಂಗಿ ಆಫೀಸಿನಲ್ಲಿ ಹೇಳಿದಳು, ನವುಲೆಯ ಮನೆಯ ಓನರಿಗೆ ಹೇಳಿದಳು, ನನ್ನ ಅಂಗಡಿಗೆ ಬಂದು ಆಟೋ ಡ್ರೈವರುಗಳಿಗೂ ಹೇಳಿದಳು. ಆಗ ಅವರು ನನ್ನ ಕಡೆ ತಿರುಗಿ "ನಿಮ್ ತಂಗಿ ಅಂದ್ರೆ ಏನ್ ಸಾರ್!" ಎನ್ನುತ್ತಿದ್ದರು. ನಾನು ಹೊಲಿಗೆ ಮಿಷಿನ್ನನ್ನು ಜೋರಾಗಿ ಓಡಿಸುತ್ತಿದ್ದೆ. ಅವಳ ಮೇಲೆ ರೇಗುತ್ತಿತ್ತು. ಒಂದು ಸಲ ಗೆದ್ದರೆ ಎಷ್ಟು ಸಲ ಹೇಳುವುದು? ಒಂದು ದಿನ ತಡೆಯಲಾರದೆ "ಸಾಕು ಮಾಡೇ ಆ ಪುರಾಣ" ಎಂದುಬಿಟ್ಟೆ.

ಅವಳು "ನಾನು ಗೆದ್ದಿದ್ದು ನಿಂಗೆ ಖುಷಿಯಿಲ್ಲ, ಅಲ್ವಾ ಅಣ್ಣ?" ಎಂದಳು. ನಾನು ಮಿಷಿನ್ನಿಗೆ ದಾರ ಪೋಣಿಸತೊಡಗಿದೆ. ನಾನು ಹೊಟ್ಟೆಕಿಚ್ಚಿನವನೆಂದೇ ಅವಳು ತಿಳಿದುಕೊಂಡಳು. ಹಾಗೆ ತಿಳಿದುಕೊಳ್ಳಲು ಬಿಟ್ಟೆ. ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

ಈ ವರ್ಷ ರೇಸು ಬಂದಾಗ ಮತ್ತೆ ನನ್ನನ್ನೇ ಕರೆದಳು. ಆಗಲ್ಲ ಎಂದೆ, ಸೊಂಟನೋವು ಎಂದೆ, ಮದುವೆ ಇದೆ ಎಂದೆ. "ಯಾರ ಮದ್ವೆ?" ಎಂದಳು. ಹೆಸರು ಹೊಳೆಯಲಿಲ್ಲ. ಹೋಗಲೇಬೇಕಾಯಿತು.

ಅದೇ ದಡ, ಅವೇ ಕುರ್ಚಿಗಳು. ಆದರೆ ಪಕ್ಕದಲ್ಲಿ ಹೆಂಡತಿಯ ಜೊತೆ ಗಂಡನೂ ಕೂತಿದ್ದರು. ಮಂಡಿ ಆಪರೇಶನ್ ಆಗಿದೆಯಂತೆ, ದೋಣಿಯಲ್ಲಿ ಕಾಲು ಮಡಿಸಿ ಕೂರಬಾರದೆಂದು ಡಾಕ್ಟರು ಹೇಳಿದ್ದಾರಂತೆ. ಅಳಿಯ ಬೇರೆ ಯಾರನ್ನೋ ಹಾಕಿಕೊಂಡು ಹೊರಟಿದ್ದ. "ನಂದು ಮುಗೀತಪ್ಪ, ಎರಡನೇ ನಂಬರಲ್ಲೇ ರಿಟೈರಾದೆ" ಎಂದು ನಿವೃತ್ತರು ನಕ್ಕರು. ನನಗೆ ನಗಲಾಗಲಿಲ್ಲ.

ರೇಸಿಗೆ ಇನ್ನೂ ಕಾಲು ಗಂಟೆ ಇತ್ತು. ತಂಗಿ ನಮ್ಮ ಎದುರಿನಲ್ಲೇ ದೋಣಿಗೆ ಹಾಯಿ ಕಟ್ಟುತ್ತಿದ್ದಳು. ಪಕ್ಕದ ಹೆಂಗಸು ಬಳಪ ಮುರಿದು ಒಂದು ತುಂಡು ನನಗೆ ಕೊಟ್ಟರು.

"ತಂಬಿ, ಈ ಸಲ ಟೀಗೆ ಹೋಗೋದಾದ್ರೆ ಮೊದಲೇ ಹೇಳು. ನಿಮ್ದೂ ನಾನೇ ಗೀಟು ಹಾಕ್ತೀನಿ."

ತಂಗಿಯ ಕೈ ನಿಂತಿತು. "ಟೀಗಾ? ಯಾವಾಗ ಹೋಗಿದ್ದ?"

"ಹೋದ ವರ್ಷ. ಗಾಳಿ ನಿಂತಿತ್ತಲ್ಲಮ್ಮ, ಆವಾಗ. ಒಂದು ಗಂಟೆ ಆಗಿರ್ಬೋದು."

"ಅಣ್ಣ?"

"ಗಾಳೀನೇ ಇರ್ಲಿಲ್ಲ ಕಣೇ. ದೋಣಿ ನಿಂತಿತ್ತು. ಬಿಸಿಲು ಬೇರೆ..."

"ಗಾಳಿ ಮೇಲೆ ಹಾಕ್ಬೇಡ. ಆ ಒಂದು ಗಂಟೆ ಯಾರು ಎಣಿಸಿದ್ರು?"

ನಾನು ಬಳಪದ ತುಂಡು ನೋಡುತ್ತ ನಿಂತೆ. ಅವಳು ದೋಣಿ ಬಿಟ್ಟು ಹತ್ತಿರ ಬಂದಳು.

"ಎಷ್ಟು ಹಾಕ್ದೆ?"

"ನಾಲ್ಕು."

"ನೋಡ್ದೇನೇ?"

ತಲೆ ಆಡಿಸಿದೆ. ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಮುಖದ ಮೇಲೆ ಕಂಡಿತು. ಹಗ್ಗ, ರಾಟೆ, ದಾಟಿ ಹೋದ ದೋಣಿ. ಲೆಕ್ಕ ಮುಗಿದಾಗ ಅವಳ ಕಣ್ಣು ತುಂಬಿತ್ತು, ಆದರೆ ಅತ್ತದ್ದಲ್ಲ, ಸಿಟ್ಟು. "ಒಂದು ವರ್ಷದಿಂದ ಊರಿಗೆಲ್ಲ ಹೇಳ್ಕೊಂಡು ತಿರುಗ್ತಿದೀನಲ್ಲೋ! ನೀನು ಪಕ್ಕದಲ್ಲಿ ನಿಂತ್ಕೊಂಡು ಕೇಳ್ತಿದ್ಯಲ್ಲೋ!"

ನನಗೆ ಇನ್ನೊಬ್ಬರ ಮೇಲೆ ಹಾಕುವ ಆಸೆ ಇನ್ನೂ ಹೋಗಿರಲಿಲ್ಲ. ಆ ಹೆಂಗಸಿಗೆ "ನೀವಾದ್ರೂ ಅವತ್ತೇ ಹೇಳ್ಬೋದಿತ್ತಲ್ಲಮ್ಮ" ಎಂದೆ.

"ನಿಮ್ಮ ದೋಣಿ ನಾನು ನೋಡ್ಲಿಲ್ಲ ತಂಬಿ. ನೋಡದೇ ಇರೋದನ್ನ ಹೆಂಗೆ ಹೇಳ್ಲಿ?"

ತಂಗಿ ನಿವೃತ್ತರ ಕಡೆ ಕೈ ತೋರಿಸಿದಳು. "ಮೊದಲು ಅವ್ರಿಗೆ ಹೇಳು. ನಂದು ಆಮೇಲೆ."

ಅವರು ಇದೆಲ್ಲ ನಡೆಯುವಾಗ ನೀರನ್ನೇ ನೋಡುತ್ತ ಕೂತಿದ್ದರು. ನಾನು ಹೋಗಿ ಅವರ ಮುಂದೆ ನಿಂತು ಗಂಟಲಲ್ಲೇ ಏನೋ ಗೊಣಗಿದೆ.

"ಗಟ್ಟಿಯಾಗಿ ಹೇಳಪ್ಪ" ಎಂದು ಅವರು ಕಿವಿಗೆ ಕೈ ಹಿಡಿದರು. "ಮೂವತ್ತು ವರ್ಷ ಮಿಷಿನ್ ಹತ್ರ ಇದ್ದು ಕಿವಿ ಹೋಗಿದೆ. ಏನು, ನಿನ್ನ ಅಂಗಡಿಗೆ ಕೊಡ್ತೀನಿ ಅಂದಿದ್ನಲ್ಲ, ಆ ಸ್ಕೂಟರ್ ಸೀಟಿನ ವಿಷಯನಾ?"

ಹೌದು ಎಂದುಬಿಡಬಹುದಿತ್ತು. ಒಂದು ಕ್ಷಣ ನಾಲಿಗೆಯ ತುದಿಗೂ ಬಂತು. ತಂಗಿ ನೋಡುತ್ತಿದ್ದಳು. ನಾನು ಉಸಿರು ಎಳೆದುಕೊಂಡು, ಗಿರಾಕಿಯನ್ನು ರಸ್ತೆಯಾಚೆಯಿಂದ ಕರೆಯುವಷ್ಟು ಗಟ್ಟಿಯಾಗಿ ಹೇಳಿದೆ. ದಡದಲ್ಲಿ ಸ್ಲೇಟು ಹಿಡಿದು ಕೂತವರೆಲ್ಲ ತಿರುಗಿ ನೋಡಿದರು.

"ಸಾರ್, ಹೋದ ವರ್ಷ ನಾನು ಎದ್ದುಹೋಗಿದ್ದೆ. ಕಣ್ಣಲ್ಲಿ ನೋಡದೇ ಇರೋ ಸುತ್ತು ಬರ್ದೆ. ಗೆದ್ದಿದ್ದು ನೀವು. ನನ್ನ ತಂಗಿಗೆ ಇದು ಗೊತ್ತೇ ಇರ್ಲಿಲ್ಲ, ತಪ್ಪು ಪೂರ್ತಿ ನಂದು. ಕ್ಷಮಿಸಿ ಸಾರ್." ಆಮೇಲೆ ಅವಳ ಕಡೆ ತಿರುಗಿದೆ. ಅದೇ ದನಿಯಲ್ಲೇ ಬಂತು, ತಗ್ಗಿಸಲು ಆಗಲಿಲ್ಲ. "ನೀನೂ ಕ್ಷಮಿಸೇ. ನಿಂಗೆ ಮೋಸ ಮಾಡ್ದೆ ನಾನು."